ಸುಣ್ಣದ ಗೆರೆಯಾಚೆ ಒಂದು ಕೋಣೆ

ಅಕ್ಕನ ಕಾಗದ ಬಂದ ತಿಂಗಳು ನಮ್ಮ ಮನೆಯ ಬಾಗಿಲು ಬೀದಿಯ ಕಡೆಗೇ ಇತ್ತು. ಅದಕ್ಕೇ ಪೋಸ್ಟ್‌ಮ್ಯಾನ್ ಬಚ್ಚಲ ಕಿಟಕಿಯಲ್ಲಿ ತೂರಿಸದೆ ಕೈಗೇ ಕೊಟ್ಟು ಹೋದ. ಒಡೆದು ಓದಿದೆ. "ಹಾಸ್ಟೆಲ್ ಮುಚ್ಚುತ್ತಾರಂತೆ. ಎಲ್ಲಿಗೆ ಹೋಗಲಿ ಅಂತ ನಿನ್ನ ಕೇಳುತ್ತಿಲ್ಲ, ಬರುತ್ತೇನೆ ಅಂತ ಹೇಳುತ್ತಿದ್ದೇನೆ. ಗೌರಿ ಹಬ್ಬ ಮುಗಿಸಿ ಹೊರಡುತ್ತೇನೆ. ನನಗೆ ಒಂದು ಮೂಲೆ ಸಾಕು." ಇಷ್ಟೇ. ಕೆಳಗೆ ದೊಡ್ಡತಾಯಿ ಎಂದು ದೊಡ್ಡ ಅಕ್ಷರದಲ್ಲಿ ರುಜು.

ನಾನು ಕಾಗದ ಹಿಡಿದುಕೊಂಡು ಬೀದಿಗೆ ಓಡಿದೆ. ಐವತ್ತೆರಡು ವರ್ಷದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಓಡುವುದನ್ನು ನೋಡಿ ನಮ್ಮ ಯಜಮಾನರು ಸೋಡಾ ಅಂಗಡಿಯಿಂದ ಎದ್ದು ನಿಂತರು, ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡು. "ಅಕ್ಕ ಬರ್ತಾಳಂತೆ ರೀ!" ಎಂದು ಕೂಗಿದೆ. ಅವರು ಒಂದು ಸೋಡಾ ಒಡೆದು ನನಗೆ ಕೊಟ್ಟು, "ಎಲ್ಲಿ ಮಲಗ್ತಾರೆ?" ಎಂದು ಕೇಳಿದರು. ಅವರ ಮಾತೇ ಹಾಗೆ, ದಿನಕ್ಕೆ ಹತ್ತು ಮಾತಾಡುತ್ತಾರೆ, ಹತ್ತರಲ್ಲಿ ಒಂಬತ್ತು ಸರಿಯಾದ ಜಾಗಕ್ಕೇ ಚುಚ್ಚುತ್ತವೆ.

ನಿಜ, ಎಲ್ಲಿ ಮಲಗುತ್ತಾಳೆ? ಚಿಕ್ಕವರಿದ್ದಾಗ ನಾನು ಚಿಕ್ಕತಾಯಿ, ಅವಳು ದೊಡ್ಡತಾಯಿ, ಇಬ್ಬರಿಗೂ ಸೇರಿ ಒಂದೇ ಚಾಪೆ. ಆಮೇಲೆ ನನಗೆ ಮದುವೆಯಾಯಿತು, ಅವಳು ಮದುವೆ ಬೇಡವೆಂದು ದೂರದ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡಿಗೆಗೆ ಸೇರಿದಳು. ಮನೆಗಳು ಇಟ್ಟಲ್ಲೇ ಇರುವ ಊರು ಅದು. ಮೂವತ್ತೊಂದು ವರ್ಷ ಉಗ್ರಾಣದ ಮೂಲೆಯಲ್ಲಿ ಅಕ್ಕಿ ಮೂಟೆಗಳ ಪಕ್ಕ ಮಲಗಿದಳು. ಯಾರು ಯಾವಾಗ ಬೇಕಾದರೂ ಬೇಳೆ ತೆಗೆಯಲು ಒಳಗೆ ಬರುವ ಜಾಗ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲೊಂದು ನನ್ನ ಅಕ್ಕನಿಗೆ ಈ ಜನ್ಮದಲ್ಲಿ ಇನ್ನೂ ಸಿಕ್ಕಿರಲಿಲ್ಲ. ಮೂಲೆ ಸಾಕಂತೆ! ನಾನು ಆವತ್ತೇ ನಿಶ್ಚಯ ಮಾಡಿದೆ: ಅವಳಿಗೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಿಗೆ ಒಳಗಡೆ ಹಿತ್ತಾಳೆ ಚಿಲಕ.

ಬೇರೆ ಊರಾಗಿದ್ದರೆ ನಾಲ್ಕು ಗಾಡಿ ಇಟ್ಟಿಗೆ ತರಿಸಿ ಕಟ್ಟಿಬಿಡಬಹುದಿತ್ತು. ನಮ್ಮ ಊರಿನಲ್ಲಿ ಪ್ರತಿ ಸಂಕ್ರಮಣದ ದಿನ ಬೆಳಗ್ಗೆ ಹತ್ತು ಗಂಟೆಗೆ ಮನೆಗಳು ತಿರುಗುತ್ತವೆ. ನೆಲದೊಳಗಿಂದ ರಾಗಿ ಬೀಸಿದಂಥ ಸದ್ದು ಬರುತ್ತದೆ, ಲೋಟದ ನೀರು ಅಲುಗುತ್ತದೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮನೆ ಹನ್ನೆರಡರಲ್ಲಿ ಒಂದು ಪಾಲು ತಿರುಗಿ ನಿಂತಿರುತ್ತದೆ. ವರ್ಷಕ್ಕೆ ಒಂದು ಪೂರ್ತಿ ಸುತ್ತು. ಒಂದು ಮನೆ ಬಲಕ್ಕೆ ತಿರುಗಿದರೆ ಪಕ್ಕದ್ದು ಎಡಕ್ಕೆ, ಕಬ್ಬಿನ ಹಾಲು ಹಿಂಡುವ ಎರಡು ಉರುಳೆಗಳ ಹಾಗೆ. ಮದುವೆಗೆ ಹೆಣ್ಣು ಕೊಡುವವರು ಜಾತಕ ನೋಡುವ ಮೊದಲು ಗಂಡಿನ ಮನೆಯ ಬಾಗಿಲು ಯಾವ ತಿಂಗಳು ಪೂರ್ವಕ್ಕೆ ಬರುತ್ತದೆ ಎಂದು ಕೇಳುತ್ತಾರೆ. ವಾಸ್ತು ಹೇಳುವವನೊಬ್ಬ ಒಮ್ಮೆ ಬಂದಿದ್ದ. ಒಂದು ಸಂಕ್ರಮಣ ನೋಡಿ ಮುಂದಿನ ಬಸ್ಸೇ ಹತ್ತಿದ.

ಹೀಗಾಗಿ ಪ್ರತಿ ಮನೆಯ ಸುತ್ತ ಪುರಸಭೆಯವರು ಸುಣ್ಣದ ಗೆರೆ ಎಳೆದಿದ್ದಾರೆ, ಚಕ್ರದಂತೆ. ಗೋಡೆ ಏನಿದ್ದರೂ ಗೆರೆಯ ಒಳಗೆ. ಗೆರೆ ದಾಟಿದ ಗೋಡೆ ತಿರುಗುವಾಗ ಪಕ್ಕದ ಮನೆಗೆ ಬಡಿಯುತ್ತದೆ. ನಮ್ಮ ಗೆರೆಯ ಒಳಗೆ ಉಳಿದಿದ್ದ ಜಾಗದಲ್ಲಿ ಒಂದು ಕೋಳಿಗೂಡು ಕಟ್ಟಬಹುದಿತ್ತು, ಅಷ್ಟೇ. ಅಕ್ಕನ ಕೋಣೆಯ ಮೂಲೆ ಗೆರೆಯಾಚೆ ಎರಡು ಮೊಳ ಹೋಗುತ್ತಿತ್ತು. ಗೆರೆ ದಾಟಿ ಕಟ್ಟಲು ವಿನಾಯಿತಿ ಬೇಕು, ವಿನಾಯಿತಿಗೆ ಅರ್ಜಿ ಬೇಕು. ನಾನು ಅರ್ಜಿ ಬರೆದೆ.

ಸುತ್ತಳತೆ ಶಾಖೆಯ ಪಂಕಜಾಕ್ಷಿ ಮೇಡಂ ಹಗ್ಗದ ಸಿಂಬಿ ಹಿಡಿದುಕೊಂಡು ಬಂದರು. ವಯಸ್ಸು ಮೂವತ್ತು, ಮುಖದಲ್ಲಿ ಅರವತ್ತರ ಗಾಂಭೀರ್ಯ. ಮನೆಯ ನಡುಗಂಬಕ್ಕೆ ಹಗ್ಗ ಕಟ್ಟಿ, ಕೋಣೆಯ ಮೂಲೆ ಎಲ್ಲಿಗೆ ಬರುತ್ತದೋ ಅಲ್ಲಿ ಗಂಟು ಹಾಕಿ, ಗಂಟು ಹಿಡಿದುಕೊಂಡು ಮನೆಯ ಸುತ್ತ ನಡೆದರು. ನಾನು ಅವರ ಹಿಂದೆಯೇ. ಮೂರು ಕಡೆ ಏನೂ ತೊಂದರೆಯಿಲ್ಲ. ನಾಲ್ಕನೆಯ ಕಡೆ ಗಂಟು ಹೋಗಿ ವಾಜಿದ್ ಸಾಹೇಬರ ಗೋಡೆಗೆ ಠಪ್ ಎಂದು ಬಡಿಯಿತು.

"ಆಗಲ್ಲ ಕಣ್ರಮ್ಮ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದರು ಮೇಡಂ.

"ಹಾಸಿಗೆ ಸಾಲ್ದೇ ಇದ್ರೆ ಏನ್ಮಾಡೋದು ಅಂತ ಗಾದೇಲಿ ಇಲ್ವಲ್ಲ ಮೇಡಂ?"

ಅವರಿಗೆ ನಗು ಬಂತು, ತಡೆದುಕೊಂಡರು. "ಗೋಡೆಗೆ ತಾಗಲ್ಲ ಅಂತ ತೋರಿಸಿ, ಪಕ್ಕದೋರನ್ನ ಒಪ್ಪಿಸಿ. ವಿಚಾರಣೆ ಯುಗಾದಿ ಆದ ಮೇಲೆ" ಎಂದು ಹಗ್ಗ ಸುತ್ತಿಕೊಂಡು ಹೋದರು.

ಪಕ್ಕದವರನ್ನು ಒಪ್ಪಿಸುವುದು! ವಾಜಿದ್ ಸಾಹೇಬರು ಕೈಗಡಿಯಾರ ರಿಪೇರಿ ಮಾಡುವವರು, ಒಬ್ಬರೇ ಇರುವುದು. ಅವರಿಗೂ ನಮಗೂ ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ತಪ್ಪು ಯಾರದು ಎಂದು ಕೇಳಿದರೆ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಈಗ ಹೇಳಲೇಬೇಕು. ಹನ್ನೆರಡು ವರ್ಷದ ಹಿಂದೆ ಅವರೂ ಇಂಥದೇ ಒಂದು ಅರ್ಜಿ ಹಾಕಿದ್ದರು. ಮಂಜೂರಾಗುವುದು ಖಂಡಿತವೆಂದು ಮೂಲೆಯ ಹಳೆಯ ಕೋಣೆಯನ್ನು ಮೊದಲೇ ಕೆಡವಿದ್ದರು, ದೊಡ್ಡದು ಕಟ್ಟಲು. ನಮ್ಮೂರಿನಲ್ಲಿ ಒಪ್ಪಿಗೆಗೆ ರುಜು ನಡೆಯುವುದಿಲ್ಲ. ಪಕ್ಕದವರು ವಿಚಾರಣೆಯ ದಿನ ಬಂದು, ಎಲ್ಲರ ಎದುರು ಬರಿಗಾಲಿನಲ್ಲಿ ಸುಣ್ಣದ ಗೆರೆ ಒರೆಸಬೇಕು. ಆವತ್ತು ಅವರ ಗೆರೆಯ ಮುಂದೆ ನಿಂತವಳು ನಾನು. ಎದ್ದಿದ್ದರೆ ಅವರ ಹೊಸ ಗೋಡೆ ವರ್ಷಕ್ಕೆ ಎರಡು ತಿಂಗಳು ನನ್ನ ಹೊಲಿಗೆ ಮಿಷನ್ನಿನ ಕಿಟಕಿಗೆ ಬೆಳಕು ತಡೆಯುತ್ತಿತ್ತು. ಬರೀ ಎರಡು ತಿಂಗಳು. ನಾನು ಕಾಲು ಎತ್ತಲಿಲ್ಲ. ಅರ್ಧ ಗಂಟೆ ಕಾದು ಎಲ್ಲರೂ ಮನೆಗೆ ಹೋದರು. ಕೆಡವಿದ ಮೂಲೆ ಹಾಗೇ ಉಳಿಯಿತು, ಕಚ್ಚಿ ಇಟ್ಟ ಹೋಳಿಗೆಯ ಹಾಗೆ.

ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡು ಮಿಷನ್ನಿನ ಮುಂದೆ ಕೂತೆ. ಅಂಗಡಿ ಬೀದಿಯ ಮೇಷ್ಟರ ಶರ್ಟು ಕತ್ತರಿಸಬೇಕಿತ್ತು. ತೋಳಿನ ತುಂಡು ಕತ್ತರಿಸಿ, ಕಂಕುಳ ತಗ್ಗಿಗೆ ಹೊಂದಿಸಿ ಗುಂಡುಸೂಜಿ ಚುಚ್ಚುತ್ತಿದ್ದೆ. ತೋಳಿನ ತಲೆ ಉಬ್ಬಿರುತ್ತದೆ, ಕಂಕುಳು ತಗ್ಗಿರುತ್ತದೆ. ಉಬ್ಬು ತಗ್ಗಿಗೆ ಕೂತರೆ ಶರ್ಟು. ಸೂಜಿ ಹಿಡಿದ ಕೈ ಹಾಗೇ ನಿಂತುಹೋಯಿತು. ಉಬ್ಬು ನಮ್ಮ ಮನೆಗೆ, ತಗ್ಗು ಅವರ ಮನೆಗೆ!

ಮೇಷ್ಟರ ಶರ್ಟು ಎಲ್ಲಿ ಬಿತ್ತೋ ಗೊತ್ತಿಲ್ಲ. ಕಂದು ಕಾಗದದಲ್ಲಿ ನಮ್ಮ ಮನೆ ಕತ್ತರಿಸಿದೆ, ಅವರ ಮನೆ ಕತ್ತರಿಸಿದೆ, ಎರಡರ ನಡುವಿಗೂ ಗುಂಡುಸೂಜಿ ಚುಚ್ಚಿ ಹಲಗೆಗೆ ನಿಲ್ಲಿಸಿದೆ. ಅಕ್ಕನ ಕೋಣೆಯನ್ನು ಅಡಿಗೆಮನೆಯ ಪಕ್ಕ ಇಟ್ಟು ತಿರುಗಿಸಿದೆ, ಬಡಿಯಿತು. ಬಚ್ಚಲ ಪಕ್ಕ ಇಟ್ಟೆ, ಬಡಿಯಿತು. ಕೊನೆಗೆ ನನ್ನ ಮಿಷನ್ನಿನ ಕಿಟಕಿಗೇ ಅಡ್ಡವಾಗಿ ಇಟ್ಟು ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ತಿರುಗಿಸಿದೆ. ತುಲಾ ಸಂಕ್ರಮಣದ ಗುರುತಿಗೆ ಬಂದಾಗ ನಮ್ಮ ಮೂಲೆ ಅವರ ಖಾಲಿ ಮೂಲೆಯೊಳಗೆ ನುಸುಳಿ, ಒಂದು ಗೇಣು ಅಂತರ ಇಟ್ಟುಕೊಂಡೇ ಈಚೆ ಬಂತು. ಮತ್ತೆ ತಿರುಗಿಸಿದೆ. ಮತ್ತೆ ಬಂತು. ನಾನು ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಹಲಗೆ ಎತ್ತಿಕೊಂಡು ನೇರ ವಾಜಿದ್ ಸಾಹೇಬರ ಮನೆಗೆ ಹೋದೆ. ಅವರು ಆ ಖಾಲಿ ಮೂಲೆಯಲ್ಲೇ ಮೇಜು ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚುತ್ತಿದ್ದರು.

"ಬನ್ನಿ ಚಿಕ್ಕತಾಯಮ್ಮ. ಹನ್ನೆರಡು ವರ್ಷ ಆಯ್ತು ಈ ಕಡೆ ಬಂದು" ಎಂದರು. ವ್ಯಂಗ್ಯವೇನೂ ಇರಲಿಲ್ಲ, ಗಂಟೆ ಎಷ್ಟು ಎಂದರೆ ಹೇಳುವ ಹಾಗೆ ಹೇಳಿದರು.

ಕಾಗದ ತಿರುಗಿಸಿ ತೋರಿಸಿದೆ. ಉಸಿರು ಬಿಡದೆ ಎಲ್ಲ ಹೇಳಿದೆ, ಅಕ್ಕ, ಹಾಸ್ಟೆಲು, ಚಿಲಕ, ಉಬ್ಬು, ತಗ್ಗು. ಅವರು ಭೂತಗನ್ನಡಿ ತೆಗೆಯದೆ ತಾವೇ ಎರಡು ಕಾಗದವನ್ನೂ ಬೆರಳಿನಿಂದ ಮೆಲ್ಲಗೆ ತಿರುಗಿಸಿದರು, ಎಂಟು ಹತ್ತು ಸಲ.

"ಕೂರುತ್ತೆ. ಹಲ್ಲಿಗೆ ಹಲ್ಲು ಕೂರುತ್ತೆ" ಎಂದರು. ಆಮೇಲೆ, "ಈ ಮೂಲೇಲಿ ನಾನು ಯಾರಿಗೆ ಕೋಣೆ ಕಟ್ಟಬೇಕು ಅಂತಿದ್ದೆ, ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಆವತ್ತು ನಾನು ಕೇಳಿರಲೂ ಇಲ್ಲ.

"ನಮ್ಮ ಆಪಾಗೆ. ನನ್ನ ಅಕ್ಕ. ಕೋಣೆ ಆಗ್ಲಿಲ್ಲ ಅಂತ ನೆಂಟರ ಮನೆ, ಅವರ ನೆಂಟರ ಮನೆ ಅಂತ ಇದ್ದು, ಅಲ್ಲೇ ಎಲ್ಲೋ ತೀರಿಹೋದ್ಲು."

ನಾಚಿಕೆಯಾಯಿತು, ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿಲ್ಲ. ತಪ್ಪಾಯಿತು ಸಾಬ್ರೆ ಎಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಅವರು ಮತ್ತೆ ಗಡಿಯಾರದ ಮೇಲೆ ಬಗ್ಗಿದ್ದರು. ಹಲಗೆ ಎತ್ತಿಕೊಂಡು ಮನೆಗೆ ಬಂದೆ.

ವಿಚಾರಣೆಯ ದಿನ ಬೀದಿ ತುಂಬ ಜನ. ಪಂಕಜಾಕ್ಷಿ ಮೇಡಂ ನನ್ನ ಕಾಗದದ ಮನೆಗಳನ್ನು ತಿರುಗಿಸಿ ನೋಡಿ, ಹಗ್ಗ ಹಿಡಿದು ಅಳೆದು, "ಅಳತೆ ಸರಿ ಇದೆ. ಇನ್ನು ಪಕ್ಕದೋರು" ಎಂದರು. ಸಾಹೇಬರ ಬಾಗಿಲು ಮುಚ್ಚಿತ್ತು. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಬರುವುದಿಲ್ಲ ಎನ್ನುವ ಹಕ್ಕು ಅವರಿಗಿದೆ ಎಂದು ನನಗೆ ಗೊತ್ತಿತ್ತು, ಆದರೂ ಬರಲಿ ಬರಲಿ ಎಂದು ಆ ಬಾಗಿಲನ್ನೇ ನೋಡುತ್ತಿದ್ದೆ. ಹದಿನೈದನೆಯ ನಿಮಿಷಕ್ಕೆ ಬಾಗಿಲು ತೆರೆಯಿತು. ಅವರು ಬಂದು, ಚಪ್ಪಲಿ ಬಿಟ್ಟು, ಗೆರೆಯ ಮುಂದೆ ನಿಂತರು. ನನ್ನನ್ನು ನೋಡಲಿಲ್ಲ. "ಒಬ್ಬರ ಅಕ್ಕ ಆದ್ರೂ ಬರ್ಲಿ" ಎಂದು ಬಲಗಾಲಿನ ಹಿಮ್ಮಡಿಯಿಂದ ಗೆರೆಯನ್ನು ಉಜ್ಜಿದರು. ಸುಣ್ಣ ಮಣ್ಣಿನಲ್ಲಿ ಬೆರೆತುಹೋಗುವ ತನಕ ಉಜ್ಜಿದರು.

ಮೇಡಂ ಆದೇಶದಲ್ಲಿ ಒಂದು ಷರತ್ತು ಬರೆದರು: ತುಲಾ ಸಂಕ್ರಮಣದ ದಿನ ಎರಡೂ ಮನೆಗೆ ಹೊಸದಾಗಿ ಸುಣ್ಣ ಹೊಡೆದಿರಬೇಕು, ಮೂಲೆ ಹಾದುಹೋಗುವಾಗ ಒಂದು ಚೂರು ಸುಣ್ಣ ಉದುರಿದರೂ ಕೋಣೆ ಕೆಡವತಕ್ಕದ್ದು. ನಾನು ಒಪ್ಪಿದೆ. ಆ ಹೊತ್ತಿನಲ್ಲಿ ನನ್ನ ಮೂಗು ಕುಯ್ಯತಕ್ಕದ್ದು ಎಂದು ಬರೆದಿದ್ದರೂ ಒಪ್ಪುತ್ತಿದ್ದೆ.

ಕೋಣೆ ಎದ್ದಿತು. ಹಿತ್ತಾಳೆ ಚಿಲಕ ನಾನೇ ತಂದು, ಹುಣಸೆಹಣ್ಣು ಹಚ್ಚಿ ಉಜ್ಜಿ, ಬಡಗಿಯ ಕೈಗೆ ಕೊಟ್ಟೆ. ಗೌರಿ ಹಬ್ಬ ಕಳೆದ ನಾಲ್ಕನೆಯ ದಿನ ಅಕ್ಕ ಲಾರಿಯಲ್ಲಿ ಬಂದಳು. ಬಸ್ಸಿನಲ್ಲಿ ಯಾಕೆ ಬರಲಿಲ್ಲ ಎಂದರೆ, ಅವಳ ಜೊತೆ ಎರಡು ರುಬ್ಬುವ ಕಲ್ಲಿದ್ದವು. ಹಾಸ್ಟೆಲಿನ ಕಲ್ಲು, ನೂರು ಹುಡುಗಿಯರಿಗೆ ದೋಸೆ ಹಿಟ್ಟು ರುಬ್ಬಿದ ಕಲ್ಲು, ಒಂದೊಂದನ್ನು ಇಳಿಸಲು ಆರು ಜನ ಬೇಕಾಯಿತು.

"ಇವನ್ಯಾಕೆ ತಂದೆ ಅಕ್ಕ?"

"ನನ್ ಕೈ ಇದ್ಕೆ, ಇದು ನನ್ ಕೈಗೆ ಒಗ್ಗಿದೆ ಕಣೇ ಚಿಕ್ತಾಯಿ. ಬಿಟ್ ಬರಕ್ಕಾಯ್ತದಾ?" ಎಂದಳು. ಆಮೇಲೆ ಕೋಣೆಗೆ ಹೋಗಿ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಒಳಗಿನಿಂದ ಅವಳು ನಗುವುದು ಕೇಳಿಸಿತು. ನಾನು ಹೊರಗೆ ನಿಂತು ಅತ್ತೆ, ಸಂತೋಷಕ್ಕೆ.

ಮೂರು ದಿನಕ್ಕೆ ಕನ್ಯಾ ಸಂಕ್ರಮಣ. ಹತ್ತು ಗಂಟೆಗೆ ಮನೆಗಳು ತಿರುಗತೊಡಗಿದವು. ಹನ್ನೆರಡಕ್ಕೆ ಬೀದಿಯ ಮನೆಗಳೆಲ್ಲ ನಿಂತವು. ನಮ್ಮದು ನಿಲ್ಲಲಿಲ್ಲ. ಸಾರು ಕುದಿಯಿತು, ಅನ್ನ ಬೆಂದಿತು, ಎಲೆ ಹಾಕಿದೆವು, ಮನೆ ಇನ್ನೂ ಗುರ್ರೆನ್ನುತ್ತ ತೆವಳುತ್ತಲೇ ಇತ್ತು. ಸಾಹೇಬರು ಕೈಯಲ್ಲಿ ಗಡಿಯಾರ ಹಿಡಿದು ಬಂದರು. "ಇಪ್ಪತ್ತು ನಿಮಿಷ ಲೇಟು. ತುಲಾ ದಿನ ಹಿಂಗೇ ಆದ್ರೆ ನನ್ನ ತಗ್ಗು ಮುಂದೆ ಹೋಗಿರುತ್ತೆ, ನಿಮ್ಮ ಮೂಲೆ ಬಂದು ನನ್ನ ಗೋಡೆಗೆ ಹೊಡೆಯುತ್ತೆ."

ನನಗೆ ಆಗ ಹೊಳೆಯಿತು. ಭಾರವಾದ ಮನೆ ನಿಧಾನ ತಿರುಗುತ್ತದೆ, ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಮೂವತ್ತು ವರ್ಷ ಕಾಗದ ಕತ್ತರಿಸಿದ ನಾನು ಕಾಗದಕ್ಕೆ ತೂಕವಿಲ್ಲ ಎಂಬುದನ್ನು ಮರೆತಿದ್ದೆ. ಅಕ್ಕ ತುತ್ತು ಕೈಯಲ್ಲೇ ಹಿಡಿದು ಕೂತಳು. "ನಾನು ವಾಪಸ್ ಹೋಗ್ತೀನಿ ಕಣೆ" ಎಂದಳು. ಹೋಗಲು ಹಾಸ್ಟೆಲ್ಲೇ ಇರಲಿಲ್ಲ.

"ಕಲ್ಲು ಬೀದಿಗೆ ಹಾಕ್ಸೋಣ" ಎಂದರು ನಮ್ಮ ಯಜಮಾನರು.

ಸಾಹೇಬರು ತಲೆಯಾಡಿಸಿದರು. "ಸಾಲಲ್ಲ. ಗೋಡೆ ತೂಕ ಎಲ್ಲಿ ಹೋಗುತ್ತೆ? ನಿಮ್ಮ ಗಡಿಯಾರ ಓಡಿಸೋಕೆ ಆಗದಿದ್ರೆ ನನ್ನದನ್ನ ನಿಧಾನ ಮಾಡಬೇಕು. ಕಲ್ಲು ನಮ್ಮ ಮನೇಲಿ ಇಡಿ."

ತುಲಾ ಸಂಕ್ರಮಣದ ಬೆಳಗ್ಗೆ ಆರಕ್ಕೇ ಇಡೀ ಬೀದಿ ಎದ್ದಿತ್ತು. ಎರಡು ಕಲ್ಲನ್ನೂ ಉರುಳಿಸಿ, ನಮ್ಮ ಮೂಲೆ ತಾಗದ ಹಾಗೆ, ಸಾಹೇಬರ ಖಾಲಿ ಮೂಲೆಯ ಒಳಗೋಡೆಗೆ ಒತ್ತಿ ಇಟ್ಟರು. ನಮ್ಮ ಮನೆಯಿಂದ ಮಂಚ, ಬೀರು, ನನ್ನ ಮಿಷನ್ನು, ಕೊನೆಗೆ ಉಪ್ಪಿನಕಾಯಿ ಜಾಡಿಯನ್ನೂ ಹೊರಗೆ ಸಾಗಿಸಿದೆವು. ಅಕ್ಕ ನೆನೆಸಿದ ಅಕ್ಕಿ ಉದ್ದು ತೆಗೆದುಕೊಂಡು ಕಲ್ಲಿನ ಮುಂದೆ ಕೂತುಬಿಟ್ಟಳು. "ಬಂದೋರಿಗೆಲ್ಲ ದೋಸೆ. ಸುಮ್ನೆ ಕೂತು ತೂಕ ಆಗೋದಕ್ಕಿಂತ ರುಬ್ಬಿ ತೂಕ ಆಗ್ತೀನಿ" ಎಂದಳು. ನಾನು ಅಳತೆಯ ಟೇಪು ಹಿಡಿದು ಅಕ್ಕನ ಕೋಣೆಯ ಕಿಟಕಿಯಲ್ಲಿ ನಿಂತೆ. ಮೇಡಂ ಕೆಳಗೆ, ಹೊಸ ಸುಣ್ಣದ ಮೇಲೆ ಕಣ್ಣಿಟ್ಟು.

ಹತ್ತು ಗಂಟೆಗೆ ಸದ್ದು ಶುರುವಾಯಿತು. ಸಾಹೇಬರು ಮೂರು ಗಡಿಯಾರ ಮುಂದಿಟ್ಟುಕೊಂಡು ಕೂಗುತ್ತಿದ್ದರು. "ನಂದು ಮುಂದೆ ಓಡ್ತಿದೆ! ಇನ್ನಿಬ್ಬರು ಹತ್ತಿ!" ಇಬ್ಬರು ಅವರ ಜಗಲಿಗೆ ಹಾರಿದರು. "ಸಾಲ್ದು, ಮತ್ತಿಬ್ಬರು!" ಮೇಷ್ಟರು ಹೆಂಡತಿ ಸಮೇತ ಹತ್ತಿದರು. ಅವರ ಮನೆ ಮೆಲ್ಲಗಾಯಿತು. ನಮ್ಮ ಮೂಲೆ ಅವರ ಗೋಡೆಯ ಅಂಚಿನ ಹತ್ತಿರ ಬಂತು. ನಾನು ಟೇಪು ಚಾಚಿದೆ. "ಆರಿಂಚು! ಐದು! ನಾಲ್ಕು!" ಆಗ ತಗ್ಗಿನ ಇನ್ನೊಂದು ಅಂಚು ಹತ್ತಿರವಾಗತೊಡಗಿತು. "ತೂಕ ಜಾಸ್ತಿಯಾಯ್ತು, ಒಬ್ರು ಇಳೀರಿ!" ಎಂದು ಕಿರುಚಿದೆ. ಯಾರು ಇಳಿಯಬೇಕು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. "ಮೂರಿಂಚು! ಯಾರಾದ್ರೂ ಇಳೀರೋ!" ಮೇಷ್ಟರು ಶರ್ಟಿನ ತೋಳು ಮೇಲೇರಿಸಿ ಧುಮುಕಿದರು. ಅದೇ ನಾನು ಹೊಲಿದ ಶರ್ಟು, ತೋಳು ಒಂದು ಚೂರು ಮೋಟಾಗಿತ್ತು. ಮೂರಿಂಚು ಮೂರಿಂಚಾಗಿಯೇ ಉಳಿಯಿತು. ನಮ್ಮ ಮೂಲೆ ತಗ್ಗಿನೊಳಗೆ ಇಳಿಯಿತು.

ಕಿಟಕಿಯ ಹೊರಗೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಅಕ್ಕ ರುಬ್ಬುತ್ತ ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಹಿಟ್ಟಿನ ಬೆರಳು ಚಾಚಿ ನನ್ನ ಮೂಗಿಗೆ ಒರೆಸಿದಳು, ಚಾಪೆಯ ಮೇಲೆ ಕಾಡಿಸುತ್ತಿದ್ದಳಲ್ಲ, ಹಾಗೇ. ನಾನು ಟೇಪು ಬಿಡಲಿಲ್ಲ. "ನಾಲ್ಕು! ಐದು! ಆರು! ಆಚೆ ಬಂತು!" ಎಂದು ಕೂಗಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ.

ಮೇಡಂ ಎರಡೂ ಗೋಡೆಗಳ ಅಂಚನ್ನು ಬೆರಳಿನಿಂದ ಸವರಿ ನೋಡಿದರು, ನೆಲವನ್ನೂ ಬಗ್ಗಿ ನೋಡಿದರು. ಒಂದು ಚೂರೂ ಉದುರಿರಲಿಲ್ಲ. ಗಾಂಭೀರ್ಯ ಬಿಟ್ಟು ಎರಡು ದೋಸೆ ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಆದೇಶದ ಕೆಳಗೆ ಬರೆದರು: ಕೋಣೆ ಉಳಿಯತಕ್ಕದ್ದು. ರುಬ್ಬುವ ಕಲ್ಲುಗಳು ಮಾತ್ರ ಪಕ್ಕದ ಮನೆಯಲ್ಲೇ ಇರತಕ್ಕದ್ದು.

ಅಂದಿನಿಂದ ಅಕ್ಕ ದಿನಾ ಬೆಳಗ್ಗೆ ತನ್ನ ಕೋಣೆಯ ಚಿಲಕ ತೆಗೆದು, ಅಕ್ಕಿ ಪಾತ್ರೆ ಹಿಡಿದು ಪಕ್ಕದ ಮನೆಗೆ ರುಬ್ಬಲು ಹೋಗುತ್ತಾಳೆ. ಅವಳ ಕೋಣೆಯ ಗೋಡೆ ನನ್ನ ಮಿಷನ್ನಿನ ಕಿಟಕಿಗೆ ಅಡ್ಡ ನಿಂತಿದೆ, ಎರಡು ತಿಂಗಳಲ್ಲ, ಹನ್ನೆರಡು ತಿಂಗಳೂ. ಹಗಲಿನಲ್ಲೇ ಲೈಟು ಹಾಕಿಕೊಂಡು ಹೊಲಿಯುತ್ತೇನೆ. ಮೊನ್ನೆ ಹಾಗೆ ಕೂತಿದ್ದಾಗ ಗೋಡೆಯಾಚೆಯಿಂದ ವಾಜಿದ್ ಸಾಹೇಬರ ದನಿ ಕೇಳಿಸಿತು. "ಆಪಾ, ಟೀ ಆಯ್ತು, ಕೈ ತೊಳ್ಕೊಂಡು ಬನ್ನಿ" ಎನ್ನುತ್ತಿದ್ದರು. ಕಲ್ಲು ತಿರುಗುವ ಸದ್ದು ನಿಂತಿತು. ನಾನೂ ಮಿಷನ್ನು ನಿಲ್ಲಿಸಿದೆ, ಅವರು ಇನ್ನೊಂದು ಸಲ ಹಾಗೆ ಕರೆಯುತ್ತಾರೇನೋ ಎಂದು.